ಓದುಗರ ಪ್ರಶ್ನೆ: ವಿದ್ಯಾರ್ಥಿವೇತನದ ದುಡ್ಡು, ಓದಿನ ಹೊತ್ತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಮಕ್ಕಳ ಸ್ಕಾಲರ್‌ಶಿಪ್ ಬಗ್ಗೆಯೇ ಇವೆ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ.

ನಮ್ಮೂರು ಸಿಂದಗಿ ಕಡೆ. ವಿಜಯಪುರದಲ್ಲಿ ಬಿ.ಎ. ಎರಡನೇ ವರ್ಷ. ಹಾಸ್ಟೆಲ್ ಸಿಗಲಿಲ್ಲ, ರೂಮ್ ಮಾಡಿದ್ದೇನೆ. ತಿಂಗಳಿಗೆ ಐದಾರು ದಿನ ಮದುವೆ ಊಟ ಬಡಿಸಲು ಹೋಗುತ್ತೇನೆ, ದಿನಕ್ಕೆ 500 ರೂ. ಈಗ ವಿದ್ಯಾಸಿರಿಯ 15,000 ರೂ. ಒಟ್ಟಿಗೇ ಬಿದ್ದಿದೆ. ಅಪ್ಪ ಗೊಬ್ಬರಕ್ಕೆ ಕೇಳುತ್ತಿದ್ದಾರೆ, ನನಗೆ ಹೊಸ ಫೋನ್ ಬೇಕು. ಏನು ಮಾಡಲಿ?

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂ.ನಂತೆ 10 ತಿಂಗಳಿಗೆ ಕೊಡುವುದೇ ವಿದ್ಯಾಸಿರಿ. ನಿಮ್ಮ ಲೆಕ್ಕದಲ್ಲೇ ಹೇಳುವುದಾದರೆ ಇದು 30 ದಿನದ ಬಡಿಸುವ ಕೆಲಸ. ಹಾಗೆಂದೇ ಎಣಿಸಿ. ಮುಹೂರ್ತಗಳು ಗಿಜಿಗುಡುವ ತಿಂಗಳಲ್ಲೇ ನಿಮ್ಮ ಸೆಮಿಸ್ಟರ್ ಪರೀಕ್ಷೆಯೂ ಬರುತ್ತದೆ. ಕಡೇ ಪಂಕ್ತಿ ಎದ್ದು, ಪಾತ್ರೆ ತೊಳೆದು ರೂಮಿಗೆ ಬಂದು ಮಲಗಿದರೆ ಮಾರನೇ ದಿನ ಬೆಳಗಿನ ತರಗತಿ ಹೋಯಿತು ಎಂದೇ ಅರ್ಥ. ಆದ್ದರಿಂದ ಕೆಲಸ ಪೂರ್ತಿ ಬಿಡುವುದು ಬೇಡ, ಪರೀಕ್ಷೆಗೆ ಮುಂಚಿನ ಆರು ವಾರ ಮಾತ್ರ ಬಿಡಿ. ಎರಡು ಸೆಮಿಸ್ಟರ್‌ಗೆ ಸೇರಿ ಸುಮಾರು 15 ದಿನದ ಕೂಲಿ ತಪ್ಪುತ್ತದೆ, ಅಂದರೆ 7,500 ರೂ. ಅದನ್ನು ಈ ದುಡ್ಡಿನಿಂದ ಭರಿಸಿ. 4,500 ರೂ. ಮುಂದಿನ ವರ್ಷದ ಪ್ರವೇಶ ಮತ್ತು ಪರೀಕ್ಷಾ ಶುಲ್ಕಕ್ಕೆ ಎತ್ತಿಡಿ. ಉಳಿದ 3,000ದಲ್ಲಿ ಪುಸ್ತಕ, ಜೆರಾಕ್ಸ್, ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿ ಶುಲ್ಕ ಎಲ್ಲ ಮುಗಿಯಬೇಕು.

ಅಪ್ಪನ ಕಷ್ಟ ನಿಜ. ಆದರೆ ಗೊಬ್ಬರಕ್ಕೆ ಕೊಟ್ಟ ದುಡ್ಡು ಸುಗ್ಗಿಯವರೆಗೆ ಮರಳುವುದಿಲ್ಲ, ನಿಮ್ಮ ಪರೀಕ್ಷೆ ಅಷ್ಟು ದಿನ ಕಾಯುವುದಿಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಬಾಯಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಹಾಳೆಯಲ್ಲಿದ್ದರೆ ಅವರೂ ಕೂತು ಕೂಡಿಸಿ ನೋಡುತ್ತಾರೆ. ಫೋನ್ ಈಗ ಬೇಡ.

ಇನ್ನೊಂದು ಮಾತು. ಮುಂದಿನ ವರ್ಷವೂ ಹಾಸ್ಟೆಲ್‌ಗೆ ಅರ್ಜಿ ಹಾಕಿ. ತಿಂಗಳಿಗೆ 1,500 ರೂ.ಗೆ ಎರಡು ಹೊತ್ತಿನ ಊಟವೂ ರೂಮ್ ಬಾಡಿಗೆಯೂ ಏಗುವುದಿಲ್ಲ. ಹಾಸ್ಟೆಲ್‌ನಲ್ಲಿ ಹೊತ್ತಿಗೆ ಊಟ, ಓದುವ ಜೊತೆಗಾರರು ಸಿಗುತ್ತಾರೆ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಬಂದರೆ ಹಾಸ್ಟೆಲ್ ಅನ್ನೇ ಆರಿಸಿ.

ರಾಜ್ಯದ ಸ್ಕಾಲರ್‌ಶಿಪ್ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ ಎಂದು ತೋರಿಸಿ ಮೂರು ತಿಂಗಳಾಯಿತು. ಗೆಳತಿಯರಿಗೆಲ್ಲ ದುಡ್ಡು ಬಂದಿದೆ, ನನಗಿಲ್ಲ. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆ' ಅನ್ನುತ್ತಾರೆ. (ಬಿ.ಕಾಂ. ವಿದ್ಯಾರ್ಥಿನಿ, ಹಿರಿಯೂರು)

ಎಡವಟ್ಟು ಇರುವುದು ಆ 'ಲಿಂಕ್' ಎಂಬ ಮಾತಿನಲ್ಲೇ. ಖಾತೆಗೆ ಆಧಾರ್ ಸಂಖ್ಯೆ ಜೋಡಿಸುವುದು ಒಂದು ಕೆಲಸ, ಆ ಖಾತೆಯನ್ನು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಗೆ ಸೇರಿಸುವುದು ಇನ್ನೊಂದು. ಎರಡನೆಯದಕ್ಕೆ ಸೀಡಿಂಗ್ ಎನ್ನುತ್ತಾರೆ. ನೇರ ನಗದು ವರ್ಗಾವಣೆಯ (ಡಿಬಿಟಿ) ದುಡ್ಡು ಹೋಗುವುದು ಖಾತೆ ನಂಬರ್ ನೋಡಿ ಅಲ್ಲ, ಆಧಾರ್ ನೋಡಿ. ನಿಮ್ಮ ಆಧಾರ್‌ಗೆ ಕೊನೆಯದಾಗಿ ಸೀಡ್ ಆದ ಖಾತೆ ಯಾವುದೋ ಅಲ್ಲಿಗೇ ಹೋಗುತ್ತದೆ. ಒಬ್ಬರ ಆಧಾರ್‌ಗೆ ಹೀಗೆ ಸೀಡ್ ಆಗುವುದು ಒಂದೇ ಖಾತೆ.

ಮೊದಲು ಮೈ ಆಧಾರ್ ಜಾಲತಾಣಕ್ಕೆ ಹೋಗಿ, ಒಟಿಪಿ ಕೊಟ್ಟು, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು ಬರುತ್ತದೆ, ಪಕ್ಕದಲ್ಲಿ 'ಆ್ಯಕ್ಟಿವ್' ಎಂದಿರಬೇಕು. ಎಷ್ಟೋ ಮಕ್ಕಳಿಗೆ ಇಲ್ಲಿ ತಾವು ಮರೆತೇಬಿಟ್ಟ ಬ್ಯಾಂಕಿನ ಹೆಸರು ಕಾಣುತ್ತದೆ: ಹೈಸ್ಕೂಲಿನಲ್ಲಿ ತೆರೆದ ಖಾತೆ, ಇಲ್ಲವೇ ಸಿಮ್ ಕೊಳ್ಳುವಾಗ ಬೆರಳೊತ್ತಿ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕ್ ಖಾತೆ. ದುಡ್ಡು ಅಲ್ಲೇ ಬಿದ್ದಿರಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ, ಯಾವ ದಿನ, ಎಷ್ಟು ಹೋಗಿದೆ ಎಂಬುದು ಸಿಗುತ್ತದೆ. ಅದನ್ನು ನೋಡಿಯೇ ಮುಂದಿನ ಹೆಜ್ಜೆ ಇಡಿ.

ಖಾತೆ ಬದಲಿಸಬೇಕಿದ್ದರೆ ಶಾಖೆಗೆ ಹೋಗಿ 'ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ, ಡಿಬಿಟಿಗೆ' ಎಂದು ಇದೇ ಮಾತಿನಲ್ಲಿ ಕೇಳಿ, ಒಪ್ಪಿಗೆಯ ಫಾರಂ ತುಂಬಿ, ಸ್ವೀಕೃತಿ ಪಡೆಯಿರಿ. ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಬ್ಯಾಂಕಿನಲ್ಲಿ ಅಲೆದಾಟ ಜಾಸ್ತಿಯಾದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅದಕ್ಕೇ ಸೀಡಿಂಗ್ ಮಾಡಿಸಬಹುದು. ಎರಡು ವರ್ಷ ವಹಿವಾಟು ನಡೆಯದ ಖಾತೆ ನಿಷ್ಕ್ರಿಯವಾಗುತ್ತದೆ. ಸೀಡಿಂಗ್ ಸರಿಯಿದ್ದೂ ದುಡ್ಡು ಬರದಿದ್ದರೆ ಇದನ್ನೂ ವಿಚಾರಿಸಿ.

ಮುಂದಿನ ವರ್ಷದ ಅರ್ಜಿಗೂ ಈಗಲೇ ಎರಡು ಕಾಗದ ತೆಗೆದು ನೋಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ, ಅದರ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ನಡೆಯುವುದಿಲ್ಲ. ಎರಡನೆಯದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಇದೆಯೇ ಎಂಬುದು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಕರಾರು ಬರುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ. ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ತಿದ್ದಿಸಿ.

ಮಗಳಿಗೆ ಕೇಂದ್ರದ ವಿದ್ಯಾರ್ಥಿವೇತನ ಬರುತ್ತಿದೆ, ವರ್ಷಕ್ಕೆ 12,000 ರೂ. ಬಿ.ಎಸ್‌ಸಿ.ಯಲ್ಲಿ ಗಣಿತ ತೆಗೆದುಕೊಂಡಿದ್ದಾಳೆ. ಒಂದು ಪೇಪರ್ ಹೋದರೂ ನಿಂತುಹೋಗುತ್ತದೆ ಎಂದು ಹೆದರಿ ವಿಷಯ ಬದಲಿಸುತ್ತೇನೆ ಅನ್ನುತ್ತಾಳೆ. (ಒಬ್ಬ ತಾಯಿ, ಸಾಗರ)

ಬದಲಿಸುವುದು ಬೇಡ ಎಂದು ಹೇಳಿ, ಅಮ್ಮ. ಇದು ಪಿಯುಸಿಯಲ್ಲಿ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿದ್ದು, ಕುಟುಂಬದ ಆದಾಯ 4.5 ಲಕ್ಷ ಮೀರದವರಿಗೆ ಸಿಗುವ ನೆರವು. ಅಷ್ಟು ಚೆನ್ನಾಗಿ ಓದಿ ಬಂದವಳು ಅವಳು. ನವೀಕರಣಕ್ಕೆ ಕೇಳುವುದು ವಾರ್ಷಿಕವಾಗಿ ಕನಿಷ್ಠ 50 ಶೇಕಡಾ ಅಂಕ, 75 ಶೇಕಡಾ ಹಾಜರಿ. ಮೊದಲ ಸ್ಥಾನ, ಡಿಸ್ಟಿಂಕ್ಷನ್ ಏನೂ ಬೇಕಿಲ್ಲ. ಮಕ್ಕಳು ಈ ಗೆರೆಯನ್ನು ತಮ್ಮ ಮನಸ್ಸಿನಲ್ಲಿ 80ಕ್ಕೆ ಏರಿಸಿಕೊಂಡು, ಅಂಕ ಸುಲಭವಾಗಿ ಬರುವ ವಿಷಯಗಳ ಕಡೆ ಸರಿಯುತ್ತಾರೆ. ನೆರವು ಸಿಕ್ಕಿದ್ದೇ ಇಷ್ಟದ್ದನ್ನು ಓದಲಿ ಎಂದು. ಅದೇ ಹೆದರಿಕೆಯಾಗಿ ಕೂರಬಾರದು.

ನಿಜಕ್ಕೂ ಕೈತಪ್ಪುವುದು ಬೇರೆ ಕಡೆ. ಕೇಂದ್ರದ ಸ್ಕಾಲರ್‌ಶಿಪ್ ಜಾಲತಾಣ ಎನ್‌ಎಸ್‌ಪಿಯಲ್ಲಿ ಪ್ರತಿ ವರ್ಷ ನವೀಕರಣ ಅರ್ಜಿ ಹಾಕಬೇಕು. ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ತಪ್ಪಿದ್ದರೆ 'ಡಿಫೆಕ್ಟ್' ಎಂದು ವಾಪಸ್ ಬರುತ್ತದೆ. ಅದನ್ನು ನೋಡದೆ ಕೊನೆಯ ದಿನ ದಾಟಿತೋ, ಆ ವರ್ಷದ ದುಡ್ಡು ಹೋಯಿತು. ಅರ್ಜಿ ಹಾಕಿದ ನಂತರ ವಾರಕ್ಕೊಮ್ಮೆ ಸ್ಟೇಟಸ್ ನೋಡಲಿ. ಜ್ವರ ಬಂದು ವಾರ ರಜೆ ಹಾಕಿದರೆ ವೈದ್ಯರ ಚೀಟಿಯನ್ನು ಆಗಲೇ ಕಾಲೇಜಿಗೆ ಕೊಡಲಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿ, ಡಿಗ್ರಿ ಕೊನೆಯ ವರ್ಷ. ಪ್ರೋತ್ಸಾಹಧನ ಎಂದರೆ ಸ್ಕಾಲರ್‌ಶಿಪ್ಪೇನಾ?

ಅಲ್ಲ, ಬೇರೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಸಿಗುವ ಬಹುಮಾನ. ಪಿಯುಸಿಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000 ರೂ. ಅಂಕಪಟ್ಟಿ ಕೈಗೆ ಬಂದ ಕೂಡಲೇ ಅರ್ಜಿ ಹಾಕಿ. ಎಂ.ಎ., ಬಿ.ಇಡಿ. ಪ್ರವೇಶದ ಖರ್ಚಿಗೆ ಸರಿಯಾಗುತ್ತದೆ.

ನಮ್ಮದು ಸರ್ಕಾರಿ ಪದವಿ ಕಾಲೇಜು. ಅರ್ಹತೆ ಇದ್ದೂ ಕೆಲವು ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಕೇಳಿದರೆ ಸುಮ್ಮನಿರುತ್ತಾರೆ. (ಉಪನ್ಯಾಸಕರು)

ಒಮ್ಮೆ ನಿಮ್ಮ ನೋಟಿಸ್ ಬೋರ್ಡ್ ನೋಡಿ. ಹೆಸರಿನ ಎದುರು ಜಾತಿ, ಆದಾಯ ಹಾಕಿದ ಪಟ್ಟಿ ಅಂಟಿಸಿದ್ದರೆ ಕಾರಣ ಅಲ್ಲೇ ಇದೆ. ರಿಜಿಸ್ಟರ್ ನಂಬರಿನ ಕೊನೆಯ ನಾಲ್ಕು ಅಂಕಿ ಸಾಕು. ತರಗತಿಯಲ್ಲಿ 'ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ' ಎನ್ನುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಇ-ಅಟೆಸ್ಟೇಶನ್‌ಗೆ (ಕಾಗದಗಳನ್ನು ಆನ್‌ಲೈನಿನಲ್ಲಿ ದೃಢೀಕರಿಸುವುದಕ್ಕೆ) ವಾರದಲ್ಲಿ ಎರಡು ದಿನ, ತಲಾ ಒಂದು ಗಂಟೆ ಗೊತ್ತುಮಾಡಿ, ಅದನ್ನು ಮಧ್ಯಾಹ್ನ ಊರಿನ ಬಸ್ ಹೊರಡುವ ಮುಂಚೆಯೇ ಇಡಿ. ಸಂಜೆ ಇಟ್ಟರೆ ಹಳ್ಳಿಯ ಮಕ್ಕಳು ಬಸ್ಸನ್ನೇ ಹಿಡಿಯುತ್ತಾರೆ. ಕೊನೆಯ ದಿನಕ್ಕೆ ಹದಿನೈದು ದಿನ ಇರುವಾಗ ಅರ್ಜಿ ಹಾಕದವರನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಮುಂದೆ ಮಾಡಿ, ಕಾಗದದಲ್ಲಿ ಏನು ಕಡಿಮೆಯಿದೆ ಎಂದು ಕೇಳಿ.