ಕಾಲಿಗೆ ಬೀಳಬೇಕಾಗಿಲ್ಲ ಎಂದು ನಾನೇಕೆ ಹೇಳಿದೆ

ನಾನು ಆಪ್ತಸಮಾಲೋಚಕಿ. ಬಾಲ್ಯದಲ್ಲಿ ತಮ್ಮ ಮೇಲೆ ದೌರ್ಜನ್ಯ ಎಸಗಿದ ಬಂಧುವಿನ ಕಾಲಿಗೇ ಬೀಳಬೇಕಾದ ಸಂಕಟ ಹೊತ್ತವರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಅಂಥ ಒಬ್ಬ ಮಹಿಳೆಯ ಕಥೆಯನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಆಕೆ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಸೊಸೆ, ವಯಸ್ಸು 36. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ರೇಷ್ಮೆ ಹುಳುಗಳು ರಾತ್ರಿಯೆಲ್ಲ ಸೊಪ್ಪು ಮೇಯುವಾಗ ಹೊರಗೆ ಜಡಿಮಳೆ ಹಿಡಿದಂತೆ ಸದ್ದು ಬರುತ್ತದೆ. ಆ ದಿನಗಳಲ್ಲಿ ಹುಳುಮನೆಗೆ ಕಾಲಿಟ್ಟರೆ ಆಕೆಗೆ ಎದೆ ಹೊಡೆದುಕೊಂಡು ಕೈಕಾಲು ತಣ್ಣಗಾಗುತ್ತಿತ್ತು. ಮನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದರು. 11ನೆಯ ವಯಸ್ಸಿನಲ್ಲಿ, ತವರಿನ ಹುಳುಮನೆಯಲ್ಲಿ, ದೊಡ್ಡಪ್ಪನ ವರಸೆಯವರೊಬ್ಬರು ತನ್ನ ಮೇಲೆ ಎಸಗಿದ್ದ ದೌರ್ಜನ್ಯವನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಮೂರನೆಯ ಭೇಟಿಯಲ್ಲಿ.

ನಾಲ್ಕನೆಯ ಭೇಟಿಗೆ ಬಂದಾಗ ಸೆರಗಿನ ತುದಿಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, "ಮೇಡಂ, ಹಬ್ಬಕ್ಕೆ, ಮದುವೆಗೆ ಹೋದಾಗಲೆಲ್ಲ ಅವರ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ. ಇಪ್ಪತ್ತೈದು ವರ್ಷದಿಂದ ಮಾಡ್ತಾನೇ ಇದೀನಿ. ಈ ಸಲ ನಮ್ಮಮ್ಮ ನನ್ನ ಮಗಳಿಗೂ 'ತಾತನ ಕಾಲಿಗೆ ಬೀಳಮ್ಮ' ಅಂದರು. ಅವಳಿಗೂ ಈಗ ಹನ್ನೊಂದು. ನಾನು ಅವಳ ರಟ್ಟೆ ಹಿಡಿದು ಎಳೆದುಬಿಟ್ಟೆ, ಬಳೆ ಒಡೆದುಹೋಯ್ತು. ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದರು.

ತಪ್ಪಲ್ಲ ಎಂದೆ. ಮಗಳಷ್ಟೇ ಅಲ್ಲ, ಇನ್ನು ಮುಂದೆ ನೀವೂ ಆ ಕಾಲು ಮುಟ್ಟಬೇಕಾಗಿಲ್ಲ, ಏಕೆಂದು ಯಾರಿಗೂ ವಿವರಿಸಬೇಕಾಗಿಯೂ ಇಲ್ಲ ಎಂದೆ. ಆಕೆ ನನ್ನನ್ನೇ ನೋಡುತ್ತ ಕುಳಿತರು. ಆಮೇಲೆ ಅತ್ತರು.

ಈ ಸಲಹೆಗಾಗಿ ಕೆಲವು ಹಿರಿಯ ಸಹೋದ್ಯೋಗಿಗಳು ನನ್ನನ್ನು ಆಕ್ಷೇಪಿಸಿದ್ದಾರೆ. ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ, ಸಂಬಂಧ ಕೆಡಿಸುವುದು ನಮ್ಮ ಕೆಲಸವಲ್ಲ ಎಂಬುದು ಅವರ ವಾದ. ಸಂಬಂಧವನ್ನು ಕೆಡಿಸಿದವರು ಆಕೆಯೂ ಅಲ್ಲ, ನಾನೂ ಅಲ್ಲ. ಕ್ಷಮಿಸುವುದು, ಬಿಡುವುದು ನೊಂದವರಿಗೆ ಸೇರಿದ್ದು. ಅದನ್ನು ಗುಣವಾಗುವುದಕ್ಕೆ ಷರತ್ತಾಗಿ ಇಡುವ ಅಧಿಕಾರ ನನಗಿಲ್ಲ. ಅಂದು ಉಂಟಾದ ಭಯವು ಸದ್ದು, ವಾಸನೆ, ಸ್ಪರ್ಶಗಳಿಗೆ ಅಂಟಿಕೊಂಡು ಉಳಿದಿರುವಾಗ, ಪ್ರತಿ ಹಬ್ಬದಲ್ಲೂ ಅದೇ ವ್ಯಕ್ತಿಯ ಮುಂದೆ ಬಾಗುವಂತೆ ಮಾಡುವುದೆಂದರೆ ನೀನಿನ್ನೂ ಅವನ ಅಧೀನದಲ್ಲೇ ಇದ್ದೀಯೆ ಎಂದು ಆ ದೇಹಕ್ಕೆ ಮತ್ತೆ ಮತ್ತೆ ಹೇಳಿದಂತೆ. ಗೌರವ ತೋರಿಸುವುದು ಒಳ್ಳೆಯ ಸಂಸ್ಕಾರವೇ, ನಾನೂ ಅದರಲ್ಲೇ ಬೆಳೆದವಳು, ಆದರೆ ಮಗುವಿನ ಮೈಮೇಲೆ ಕೈಮಾಡಿದವನಿಗೆ ಅದು ಸಲ್ಲುವುದಿಲ್ಲ.

ಮಗಳನ್ನು ಆ ಮನೆಯಲ್ಲಿ ಒಂಟಿಯಾಗಿ ಬಿಡಬಾರದು ಎಂದು ಮೊದಲು ಹೇಳಿದೆ. ಮಗಳೊಂದಿಗೆ ನಾನೇ ಮಾತನಾಡಿ ಆಕೆಗೆ ಏನೂ ಆಗಿಲ್ಲವೆಂದು ಖಚಿತಪಡಿಸಿಕೊಂಡೆ. ಆಗಿದ್ದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನನ್ನ ಕರ್ತವ್ಯವಾಗುತ್ತಿತ್ತು. ತಾಯಿಯ ಪ್ರಕರಣ ಆ ಕಾಯ್ದೆ ಜಾರಿಗೆ ಬಂದ 2012ಕ್ಕಿಂತ ಹಿಂದಿನದು. ಆದರೂ ಅತ್ಯಾಚಾರದಂತಹ ಗಂಭೀರ ಅಪರಾಧಕ್ಕೆ ದೂರು ನೀಡಲು ಕಾಲಮಿತಿ ಇಲ್ಲವೆಂಬುದನ್ನು ತಿಳಿಸಿದೆ. ಆಕೆ ಸದ್ಯಕ್ಕೆ ಬೇಡವೆಂದರು, ನಾನು ಒತ್ತಾಯಿಸಲಿಲ್ಲ. ನಿದ್ರೆಗಾಗಿ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿದೆ, ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ.

ಮುಂದಿನ ಗೃಹಪ್ರವೇಶದಲ್ಲಿ ಹಿರಿಯರೆಲ್ಲ ಸಾಲಾಗಿ ಕುಳಿತಿದ್ದಾಗ ಆಕೆ ಅವರೊಬ್ಬರನ್ನು ಬಿಟ್ಟು ಮುಂದಕ್ಕೆ ಹೋದರಂತೆ. ತಾಯಿ ಗದರಿದ್ದಕ್ಕೆ "ಬೇಡಮ್ಮ" ಎಂದಷ್ಟೇ ಹೇಳಿದರಂತೆ. ಹುಳುಮನೆಯ ಸದ್ದು ಈಗಲೂ ಆಕೆಯನ್ನು ಕಾಡುತ್ತದೆ. ಎದೆ ಹೊಡೆದುಕೊಂಡರೆ ಹೊರಗೆ ಬಂದು, ನೀರು ಕುಡಿದು, ಮತ್ತೆ ಒಳಗೆ ಹೋಗಿ ಸೊಪ್ಪು ಹಾಕುತ್ತಾರೆ.