ನಿಮ್ಮ ಲೀಕೇಜ್ ಕರೆಂಟ್ ಲೇಖನದ ಬಗ್ಗೆ

ನಮಸ್ಕಾರ.

ಲಾಜಿಕ್ ಗೇಟಿನ ಲೀಕೇಜ್ ಕರೆಂಟನ್ನು ಮನೆಯಲ್ಲೇ ಅಳೆಯುವ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಮೀಟರ್ ಹಿಡಿದು, ತಾವೇ ಅಳೆದು ಕನ್ನಡದಲ್ಲಿ ಬರೆಯುವವರು ನಮಗೆ ಬೇಕು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಎರಡು ಪುಟ ಟ್ರಾನ್ಸಿಸ್ಟರ್ ಚರಿತ್ರೆ. 1947, ಬೆಲ್ ಲ್ಯಾಬ್ಸ್, ಎಲ್ಲ ಸರಿಯಾಗೇ ಇದೆ. ಆದರೆ ಅದು ಎಲ್ಲಿ ಬೇಕಾದರೂ ಸಿಗುತ್ತದೆ, ತೆಗೆದುಬಿಡಿ. ನೀವು ಅಳೆಯಲು ಕೂರುವುದು ಮೂರನೇ ಪುಟದಲ್ಲಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಈಗ ಮುಖ್ಯ ವಿಷಯ. 74ಎಚ್‌ಸಿ00 ಐಸಿಗೆ (ಒಳಗೆ ನಾಲ್ಕು ನ್ಯಾಂಡ್ ಗೇಟ್) 5 ವೋಲ್ಟ್ ಕೊಟ್ಟು, ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಸೇರಿಸಿ, ಲೀಕೇಜ್ 2.3 ಮಿಲಿಆಂಪ್ ಎಂದು ಬರೆದಿದ್ದೀರಿ. ಅದು ಲೀಕೇಜ್ ಅಲ್ಲ. ಡೇಟಾಶೀಟ್ (ತಯಾರಕರು ಕೊಡುವ ವಿವರಪಟ್ಟಿ) ತೆಗೆದು ನೋಡಿ. ಇನ್‌ಪುಟ್‌ಗಳೆಲ್ಲ ವಿಸಿಸಿಗೋ (ಪವರ್ ಕೊಡುವ 14ನೇ ಪಿನ್) ಗ್ರೌಂಡಿಗೋ ಸೇರಿದ್ದು, ಔಟ್‌ಪುಟ್‌ಗಳು ಖಾಲಿ ಇದ್ದರೆ, 25 ಡಿಗ್ರಿಯಲ್ಲಿ ಇಡೀ ಐಸಿ ಎಳೆಯುವುದು ಹೆಚ್ಚೆಂದರೆ 2 ಮೈಕ್ರೊಆಂಪ್. ನಿಮ್ಮ ಅಂಕಿ ಅದರ ಸಾವಿರ ಪಟ್ಟಿಗಿಂತ ಜಾಸ್ತಿ. ಇದು ಬರೆಯುವಾಗಲೇ ನಿಮಗೆ ಅನುಮಾನ ಬರಬೇಕಿತ್ತು, ಅಲ್ವಾ?

ಕಾರಣ ನೀವು ಕಳಿಸಿದ ಫೋಟೋದಲ್ಲೇ ಇದೆ. ಒಂದೇ ಗೇಟ್ ಬಳಸಿದ್ದೀರಿ. 4, 5, 9, 10, 12, 13ನೇ ಪಿನ್‌ಗಳಿಗೆ ಏನೂ ಸೇರಿಸಿಲ್ಲ. ಈ ಐಸಿ ಸಿಮಾಸ್, ಅಂದರೆ ಪಿಮಾಸ್ ಮತ್ತು ಎನ್‌ಮಾಸ್ ಎಂಬ ಎರಡು ಬಗೆಯ ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿ ಮಾಡಿದ್ದು. ಅಂಥ ಇನ್‌ಪುಟ್ ಹೀಗೆ ತೇಲುತ್ತಿದ್ದರೆ ಅದರ ವೋಲ್ಟೇಜ್ ಎಲ್ಲೋ ನಡುವೆ ನಿಲ್ಲಬಹುದು. ಆಗ ಮೇಲಿನ ಪಿಮಾಸ್, ಕೆಳಗಿನ ಎನ್‌ಮಾಸ್ ಎರಡೂ ಅರೆಬರೆ ಆನ್ ಆಗಿ ಕರೆಂಟ್ ನೇರ ಗ್ರೌಂಡಿಗೆ ಹರಿಯುತ್ತದೆ. ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆದ ಮೇಲೂ ಜಿನುಗುವುದು ಲೀಕೇಜ್. ನೀವು ಅದನ್ನು ಅಳೆದೇ ಇಲ್ಲ.

'ಕೈ ಹತ್ತಿರ ತಂದರೆ ರೀಡಿಂಗ್ ಕುಣಿಯುತ್ತಿತ್ತು, ಮೀಟರ್ ಸರಿ ಇಲ್ಲವೇನೋ' ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದೇ. ತೇಲುತ್ತಿದ್ದ ಇನ್‌ಪುಟ್‌ಗಳು ನಿಮ್ಮ ಕೈಯಿಂದ ಮನೆಯ ವೈರಿಂಗಿನ 50 ಹರ್ಟ್ಜ್ ಗದ್ದಲ ಹಿಡಿಯುತ್ತಿದ್ದವು. ಮೀಟರನ್ನು ಬೈಯದೆ ಅದರ ಹಿಂದೆ ಬೀಳಿ. ಓದುಗರಿಗೆ ಬೇಕಾದ ಕಥೆ ಅಲ್ಲಿದೆ.

ಮತ್ತೆ ಅಳೆಯಿರಿ. ಖಾಲಿ ಇನ್‌ಪುಟ್‌ಗಳನ್ನೆಲ್ಲ ಗ್ರೌಂಡಿಗೆ ಸೇರಿಸಿ. ಔಟ್‌ಪುಟ್‌ಗೆ ಹಾಕಿದ ಎಲ್‌ಇಡಿ ತೆಗೆಯಿರಿ. ಪವರ್ ಲೈನಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕೂಡ ಬೇಡ, ಅದರದ್ದೇ ಲೀಕೇಜ್ ಮೈಕ್ರೊಆಂಪ್‌ಗಳಲ್ಲಿ ಇರಬಹುದು. 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಸಾಕು. ಮೀಟರಿನ ಕರೆಂಟ್ ರೇಂಜ್ ಇಲ್ಲಿ ಕೆಲಸಕ್ಕೆ ಬಾರದು. ವಿಸಿಸಿ ದಾರಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ನೋಡಿ. 1 ನ್ಯಾನೊಆಂಪಿಗೆ 1 ಮಿಲಿವೋಲ್ಟ್ ಬರುತ್ತದೆ. ಮೀಟರಿನ ಒಳಗಿನ 10 ಮೆಗಾಓಮ್ ಜೊತೆಗೆ ಸೇರುವುದರಿಂದ ಸುಮಾರು ಶೇ 9ರಷ್ಟು ಕಡಿಮೆ ತೋರಿಸುತ್ತದೆ, ಆ ಲೆಕ್ಕವನ್ನೂ ಬರೆಯಿರಿ. ಪವರ್ ಆನ್ ಮಾಡುವಾಗ, ಇನ್‌ಪುಟ್ ಬದಲಿಸುವಾಗ ರೆಸಿಸ್ಟರನ್ನು ಒಂದು ತಂತಿಯಿಂದ ಶಾರ್ಟ್ ಮಾಡಿ, ಆಮೇಲೆ ತಂತಿ ತೆಗೆಯಿರಿ. ಇನ್‌ಪುಟ್ 1 ಬೇಕಾದರೆ 14ನೇ ಪಿನ್ನಿಗೇ ಸೇರಿಸಿ, ರೆಸಿಸ್ಟರಿನ ಆಚೆ ಬದಿಗಲ್ಲ. ಇಲ್ಲದಿದ್ದರೆ ಇನ್‌ಪುಟ್ ರಕ್ಷಿಸುವ ಡಯೋಡಿನ ಮೂಲಕ ಕರೆಂಟ್ ನುಸುಳಿ, ಅಷ್ಟು ಲೆಕ್ಕ ತಪ್ಪಬಹುದು.

ಗೇಟಿನ ಎರಡು ಇನ್‌ಪುಟ್‌ಗಳಿಗೆ 00, 01, 10, 11 ಕೊಟ್ಟು ನಾಲ್ಕಕ್ಕೂ ರೀಡಿಂಗ್ ತೆಗೆಯಿರಿ. ನ್ಯಾಂಡ್ ಗೇಟಿಗೆ 00 ಕೊಟ್ಟಾಗ ಒಂದರ ಮೇಲೊಂದು ಇರುವ ಎರಡು ಎನ್‌ಮಾಸ್‌ಗಳೂ ಆಫ್, ಹಾಗಾಗಿ ಲೀಕೇಜ್ ಇಳಿಯಬೇಕು ಎನ್ನುತ್ತದೆ ಪಠ್ಯಪುಸ್ತಕ. ನಿಮ್ಮ ಐಸಿಯಲ್ಲಿ ಬೇರೆ ದಾರಿಯ ಲೀಕೇಜೂ ಸೇರಿರುವುದರಿಂದ ಅದು ಕಾಣದೆ ಹೋಗಬಹುದು. ಬಂದದ್ದನ್ನು ಬಂದ ಹಾಗೇ ಬರೆಯಿರಿ. ಪಕ್ಕದಲ್ಲಿ ಕೋಣೆಯ ಉಷ್ಣತೆ ಇರಲೇಬೇಕು. ಇದೇ ಐಸಿಯ ಮಿತಿ 85 ಡಿಗ್ರಿಗೆ 20 ಮೈಕ್ರೊಆಂಪ್ ಆಗುತ್ತದೆ. ಉಷ್ಣತೆ ಹೇಳದ ಅಂಕಿಯನ್ನು ನಾನು ಅಚ್ಚಿಗೆ ಕೊಡುವುದಿಲ್ಲ.

ಎರಡು ಪುಟ ಸಾಕು. 2.3 ಮಿಲಿಆಂಪ್ ಅಂಕಿಯನ್ನು ಅಳಿಸಬೇಡಿ. ಮೊದಲು ಅದನ್ನು ಹೇಳಿ, ಆಮೇಲೆ ಅದು ಎಲ್ಲಿಂದ ಬಂತು ಎಂದು ತೋರಿಸಿ. ಫೋಟೋ ಮತ್ತೆ ತೆಗೆಯಿರಿ, ಹದಿನಾಲ್ಕು ಪಿನ್ನೂ ಕಾಣುವ ಹಾಗೆ.