ಐಎಸ್‌ಬಿಎನ್ ಇದ್ದರೆ ಅದು ವಿದ್ವತ್ ಗ್ರಂಥವೇ?

ಪ್ರಶ್ನೆ: ಶಿಕ್ಷಣ, ನೀತಿ ಮತ್ತು ಸಮಾಜದ ಕುರಿತ ಸಂಪಾದಿತ ಗ್ರಂಥವೊಂದಕ್ಕೆ ನನ್ನ ಲೇಖನ ಸೇರಿಸಲು ಎರಡು ಸಾವಿರ ರೂಪಾಯಿ ಕೇಳಿದ್ದಾರೆ. ಐಎಸ್‌ಬಿಎನ್ ಇದೆಯಂತೆ, ಹದಿನೈದು ದಿನಗಳಲ್ಲಿ ಪ್ರಮಾಣಪತ್ರವೂ ಬರುತ್ತದೆಯಂತೆ. ಕೊಡಲೇ? (ಅತಿಥಿ ಉಪನ್ಯಾಸಕಿ, ಜಮಖಂಡಿ)

ಉತ್ತರ: ಕೊಡಬೇಡಿ ತಾಯಿ. ಇಂಡಿಯಿಂದ, ಗೋಕಾಕದಿಂದ, ಮುಧೋಳದಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರು ಹಣ ಕಟ್ಟಿದ ಮೇಲೆ ಕೇಳುತ್ತಾರೆ.

ಐಎಸ್‌ಬಿಎನ್ ಎಂಬುದು ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆ, ಅಷ್ಟೇ. 978ರ ನಂತರ 81 ಅಥವಾ 93 ಇದ್ದರೆ ಪ್ರಕಾಶಕರು ಭಾರತದವರು. ಒಳಗಿನ ಬರಹವನ್ನು ಬಲ್ಲವರು ಯಾರಾದರೂ ಪರಿಶೀಲಿಸಿದರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅಡುಗೆ ಪುಸ್ತಕಕ್ಕೂ ಆ ಸಂಖ್ಯೆ ಸಿಗುತ್ತದೆ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಉಚಿತವಾಗಿ ಪಡೆದದ್ದನ್ನು ತೋರಿಸಿ ಅತಿಥಿ ಉಪನ್ಯಾಸಕರ ಗೌರವಧನಕ್ಕೆ ಕೈ ಹಾಕುವವರನ್ನು ಸಂಪಾದಕರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ವಚನಗಳನ್ನು ಸಂಗ್ರಹಿಸಿದ ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದಾಗ ಇಂಥ ಸಂಖ್ಯೆಯೇ ಇರಲಿಲ್ಲ. ತಾಳೆಗರಿಗಳನ್ನು ಹುಡುಕಿ, ಓದಿ, ಹೋಲಿಸಿ ನೋಡಿದ ಶ್ರಮವೇ ಆ ಪುಸ್ತಕಕ್ಕೆ ಮಾನ್ಯತೆ ತಂದಿತು. ವಿಜಯಪುರದಲ್ಲಿ ಕುಳಿತು ನಾವೇ ಇದನ್ನು ಮರೆತರೆ ಹೇಗೆ?

ಆ ಸಂಪಾದಕರ ಹಿಂದಿನ ಪುಸ್ತಕವನ್ನು ತರಿಸಿಕೊಂಡು ಕೊನೆಯ ಪುಟಗಳಿಂದ ನೋಡಿ. ಪದಸೂಚಿ ಇದೆಯೇ? ಉಲ್ಲೇಖಗಳಿಗೆ ಪುಟಸಂಖ್ಯೆ ಇದೆಯೇ? ನೈತಿಕ ಶಿಕ್ಷಣದ ಅಧ್ಯಾಯವಿದ್ದರೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ ಹೆಸರನ್ನು ಹುಡುಕಿ. ‘ಡರ್ಖೀಮ್ 1925ರಲ್ಲಿ ಬರೆದರು’ ಎಂದಿದ್ದರೆ ಪುಸ್ತಕವನ್ನು ಮುಚ್ಚಿಬಿಡಿ. ಅವರು ತೀರಿಕೊಂಡದ್ದು 1917ರಲ್ಲಿ; ನೈತಿಕ ಶಿಕ್ಷಣದ ಕುರಿತ ಅವರ 1902–03ರ ಉಪನ್ಯಾಸಗಳು ನಿಧನದ ನಂತರ, 1925ರಲ್ಲಿ ಪುಸ್ತಕವಾದವು. ನೀತಿಗೆ ಶಿಸ್ತು, ಸಮೂಹದೊಡನೆ ಬಾಂಧವ್ಯ, ಸ್ವಾಯತ್ತತೆ ಎಂಬ ಮೂರು ಅಂಶಗಳನ್ನು ಅವರು ಹೇಳುತ್ತಾರೆ. ನಮ್ಮ ಸಂಕಲನಗಳು ಶಿಸ್ತಿಗೇ ನಿಂತುಬಿಡುತ್ತವೆ. ನಿಯಮ ಏಕೆ ಬೇಕೆಂದು ವಿದ್ಯಾರ್ಥಿ ಅರಿತು ಒಪ್ಪಬೇಕೆಂಬ ಮೂರನೆಯ ಅಂಶ ಬಿಟ್ಟುಹೋದರೆ ಉಳಿಯುವುದು ಬೆತ್ತ. ಮಕ್ಕಳ ತರಗತಿಗೆ ನಾಳೆ ಹೋಗುವವರು ಇದನ್ನು ಅರ್ಧ ಓದಿ ಹೋಗಬಾರದು.

ನಿಜವಾದ ಸಂಪಾದಕರು ಲೇಖನವನ್ನು ಓದಿ, ಪ್ರಶ್ನೆಗಳನ್ನು ಬರೆದು, ತಿದ್ದಲು ಹಿಂದಿರುಗಿಸುತ್ತಾರೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕಾಯಿರಿ.

ಪ್ರಶ್ನೆ: ತಂತ್ರಾಂಶದಲ್ಲಿ ಪರೀಕ್ಷಿಸಿದಾಗ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ 10ಕ್ಕಿಂತ ಕಡಿಮೆ ಬಂದರೆ ಕೃತಿಚೌರ್ಯವಲ್ಲವೇ? (ಬಾಗಲಕೋಟೆ)

ಉತ್ತರ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ, ನಿಜ. ಆದರೆ ತಂತ್ರಾಂಶ ಹಿಡಿಯುವುದು ಪದಗಳನ್ನು. ಕದ್ದ ವಿಚಾರಕ್ಕೆ ಸೊನ್ನೆ ಬಂದರೂ ಅದು ಕಳವೇ.

ಪ್ರಶ್ನೆ: ಪಿಎಚ್‌.ಡಿ. ಪ್ರಬಂಧ ಬರೆದುಕೊಡುವವರ ದರ ಎಷ್ಟಿರಬೇಕು? (ಬೆಳಗಾವಿ)

ಉತ್ತರ: ಇಂಥ ಪ್ರಶ್ನೆಯನ್ನು ನನಗೆ ಇನ್ನೊಮ್ಮೆ ಕಳುಹಿಸಬೇಡಿ.

ಪ್ರಶ್ನೆ: ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯ ‘ಶೋಷಿತರ ಶಿಕ್ಷಣಶಾಸ್ತ್ರ’ ಪುಸ್ತಕಕ್ಕೆ ಪರೀಕ್ಷಾ ಗೈಡ್ ಸಾಕೇ? (ಇಂಡಿ)

ಉತ್ತರ: ಸಾಲದು. ಮೂಲದಲ್ಲಿರುವುದು ನಾಲ್ಕೇ ಅಧ್ಯಾಯ. ಮೊದಲನೆಯದು ಕಠಿಣವೆನಿಸಿದರೆ ಎರಡನೆಯದರಿಂದ ಆರಂಭಿಸಿ. ಮಕ್ಕಳ ತಲೆಯಲ್ಲಿ ಮಾಹಿತಿ ಜಮೆ ಮಾಡುವ ಬೋಧನಾ ಕ್ರಮದ ಟೀಕೆ ಅಲ್ಲಿದೆ.